ಓದುಗರ ಪ್ರಶ್ನೆ, ನಮ್ಮ ಉತ್ತರ: ಪಾರ್ಟಿ ಬೈಕ್ ವ್ಯಾಪಾರಕ್ಕೆ ಇಳಿಯುವ ಮುನ್ನ

ನಡುವೆ ಉದ್ದನೆಯ ಬಾರ್ ಮೇಜು, ಎರಡೂ ಪಕ್ಕ ಎದುರುಬದುರಾಗಿ ಸೈಕಲ್ ಸೀಟು, ಕಾಲಡಿಯಲ್ಲಿ ಪೆಡಲು, ತಲೆ ಮೇಲೊಂದು ಸೂರು. ಗಿರಾಕಿಗಳಲ್ಲಿ ಹತ್ತು ಜನ ಬಿಯರ್ ಕುಡಿಯುತ್ತಾ ತುಳಿಯುತ್ತಾರೆ, ನಾಲ್ಕೈದು ಜನ ಸುಮ್ಮನೆ ಕೂರುತ್ತಾರೆ. ಸ್ಟಿಯರಿಂಗ್ ಹಿಡಿದವನು ಮಾತ್ರ ತುಳಿಯುವುದೂ ಇಲ್ಲ, ಕುಡಿಯುವುದೂ ಇಲ್ಲ. ನೆದರ್ಲೆಂಡ್ಸ್‌ನ ವಾನ್ ಲಾರ್ ಸಹೋದರರು 1997ರಲ್ಲಿ ಕಟ್ಟಿದ ಈ ‘ಪಾರ್ಟಿ ಬೈಕ್’ ಬಂಡಿ 2007ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರಸ್ತೆಗಿಳಿಯಿತು. ಈಗ ಅಲ್ಲಿನ ಬಹಳಷ್ಟು ಊರುಗಳಲ್ಲಿ ಓಡುತ್ತಿದೆ. ಇದನ್ನೇ ವ್ಯಾಪಾರ ಮಾಡಿಕೊಳ್ಳಬೇಕೆಂದು ಅಲ್ಲಿನ ಕನ್ನಡಿಗರು, ಇಲ್ಲಿಯ ಒಬ್ಬರು ಬರೆದಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಪ್ರಶ್ನೆ: ನಾವು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದೇವೆ. ಯಜಮಾನರು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾರೆ, ನನಗೆ ಅವರ ಪತ್ನಿಯಾಗಿ ಸಿಕ್ಕ ಎಚ್-4 ವೀಸಾ ಇದೆ, ಕೆಲಸದ ಪರವಾನಗಿ ಕಾರ್ಡೂ ಬಂದಿದೆ. ಒಂದು ಬಂಡಿ ಬುಕ್ ಮಾಡೋಣವೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ವಾರಾಂತ್ಯದಲ್ಲಿ ಅವರು ಓಡಿಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಓಡಿಸಬಾರದು. ಎಚ್-1ಬಿ ಎಂದರೆ ಅರ್ಜಿ ಹಾಕಿದ ಕಂಪನಿಯ ಕೆಲಸ ಮಾತ್ರ. ಅವರು ದುಡ್ಡು ಹಾಕಿ ಪಾಲುದಾರರಾಗಿ ಇರಬಹುದು, ಅಲ್ಲಿಗೆ ಮುಗಿಯಿತು. ಶನಿವಾರ ಸ್ಟಿಯರಿಂಗ್ ಹಿಡಿಯುವುದು, ಬುಕಿಂಗ್ ಫೋನ್ ಎತ್ತುವುದು, ಚೈನಿಗೆ ಎಣ್ಣೆ ಬಿಡುವುದು, ಸಂಬಳ ತೆಗೆದುಕೊಳ್ಳದಿದ್ದರೂ ಎಲ್ಲವೂ ಕೆಲಸವೇ. ನಿಮ್ಮ ಕಾರ್ಡಿನಲ್ಲಿ ನೀವು ಸ್ವಂತ ವ್ಯಾಪಾರ ನಡೆಸಬಹುದು. ಆದರೆ ಕಾರ್ಡಿನ ಅವಧಿ ಮುಗಿದು ಹೊಸದು ಕೈಗೆ ಬರುವುದು ತಡವಾದರೆ ಆ ದಿನಗಳಲ್ಲಿ ನೀವೂ ಕೈ ಕಟ್ಟಿ ಕೂರಬೇಕು. ಹಾಗಾಗಿ ನಿಮ್ಮನ್ನು ಬಿಟ್ಟು ಓಡಿಸಬಲ್ಲ ಇಬ್ಬರಾದರೂ ನೌಕರರು ಮೊದಲ ದಿನದಿಂದಲೇ ಇರಲಿ. ನೌಕರರೇ ಎಂದು ಒತ್ತಿ ಹೇಳಲು ಕಾರಣವಿದೆ. ನೀವಿರುವ ಮಿಷಿಗನ್ ರಾಜ್ಯದ ಕಾನೂನು ಈ ಬಂಡಿಯನ್ನು ‘ಕಮರ್ಷಿಯಲ್ ಕ್ವಾಡ್ರಿಸೈಕಲ್’ ಎನ್ನುತ್ತದೆ: ಕನಿಷ್ಠ 4 ಚಕ್ರ, ಪ್ರಯಾಣಿಕರಿಗೆ ಕನಿಷ್ಠ 6 ಸೀಟು, ಓಡಿಸುವವರು ಮಾಲೀಕರು ಇಲ್ಲವೇ ಮಾಲೀಕರ ನೌಕರರು. ದಿನಗೂಲಿಗೆ ಗುತ್ತಿಗೆ ಚಾಲಕನನ್ನು ಕರೆದರೆ ಆ ವ್ಯಾಖ್ಯೆಯ ಹೊರಗೆ ಬೀಳುತ್ತೀರಿ. ವೀಸಾ ವಿಷಯಕ್ಕೆ ಒಂದು ಸಲ ಇಮಿಗ್ರೇಷನ್ ವಕೀಲರ ಹತ್ತಿರ ಕೂತು, ಮಾತನ್ನು ಬರಹದಲ್ಲಿ ಪಡೆಯಿರಿ.

ಇನ್ನು ಶುರು ಎಲ್ಲಿಂದ? ಬಂಡಿಯಿಂದಂತೂ ಅಲ್ಲ. ಈ ವ್ಯಾಪಾರದಲ್ಲಿ ಮುಳುಗುವವರು ಸಾಮಾನ್ಯವಾಗಿ ಬಂಡಿ ತಂದು ನಿಲ್ಲಿಸಿ, ಆಮೇಲೆ ದಾರಿ ಹುಡುಕಿದವರು. ದಾರಿ, ನಗರಸಭೆಯ ಒಪ್ಪಿಗೆ, ವಿಮೆಯ ಕೊಟೇಷನ್, ನಿಲ್ಲಿಸುವ ಜಾಗ, ಕಡೆಗೆ ಬಂಡಿ. ಇದೇ ಕ್ರಮ.

ದಾರಿ ಎಷ್ಟುದ್ದ ಬೇಕು ಎಂದರೆ, ಪ್ರವಾಸ 2 ಗಂಟೆಯದು. ಎರಡು ಬಾರ್ ಮುಂದೆ ತಲಾ 20–25 ನಿಮಿಷ ನಿಂತರೆ ಉರುಳುವ ಹೊತ್ತು 70–80 ನಿಮಿಷ. ತುಳಿದಾಗ ವೇಗ ಗಂಟೆಗೆ 8 ಕಿ.ಮೀ. ಇದ್ದರೂ ಸಿಗ್ನಲ್, ಫೋಟೊ, ಕುಣಿತ ಎಲ್ಲ ಕಳೆದರೆ ಸರಾಸರಿ 4–5ಕ್ಕೆ ಇಳಿಯುತ್ತದೆ. ಅಂದರೆ 5–6 ಕಿ.ಮೀ. ಸುತ್ತು ಧಾರಾಳ ಸಾಕು. ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡುವುದರಿಂದ ಬಲ ತಿರುವುಗಳೇ ಹೆಚ್ಚಿರುವ ಸುತ್ತು ಹಾಕಿ. ಎದುರಿನ ವಾಹನ ದಾಟಿ ಎಡಕ್ಕೆ ಹೊರಳುವಾಗ ಇಷ್ಟು ನಿಧಾನದ ಬಂಡಿ ಚೌಕದ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂನಲ್ಲಿ ಕ್ಯೂಲೈನ್ ಟ್ರಾಮ್ ಓಡುತ್ತದೆ. ಟ್ರಾಮಿನ ಮುಂದೆ 8 ಕಿ.ಮೀ. ವೇಗದಲ್ಲಿ ಹಾಡು ಹಾಕಿಕೊಂಡು ಹೊರಟರೆ ಮೊದಲ ವಾರವೇ ದೂರು ಬರುತ್ತದೆ, ಆದ್ದರಿಂದ ಅಡ್ಡರಸ್ತೆಗಳನ್ನು ಆರಿಸಿ. ಅದೇ ದಾರಿಯನ್ನು ಶನಿವಾರ ರಾತ್ರಿ 9ಕ್ಕೆ ಕಾಲ್ನಡಿಗೆಯಲ್ಲಿ ನೋಡಿ. ಮಂಗಳವಾರ ಮಧ್ಯಾಹ್ನ ಖಾಲಿ ಕಂಡ ರಸ್ತೆಯಲ್ಲಿ ಆಗ ಟ್ಯಾಕ್ಸಿಗಳು ಎರಡು ಸಾಲು ನಿಂತಿರುತ್ತವೆ. ನಿಲ್ಲುವ ಪ್ರತಿ ಬಾರ್ ಮುಂದೆ 6 ಮೀಟರ್ ಜಾಗ ಉಂಟೋ, ನಿಮ್ಮ ಗಿರಾಕಿಗಳಿಗೆ ಶೌಚಾಲಯ ಬಿಡುತ್ತಾರೋ ಮೊದಲೇ ಮಾತಾಡಿಕೊಳ್ಳಿ. ಬಿಯರ್ ಕುಡಿದು ಪೆಡಲು ತುಳಿಯುವ ಹದಿನೈದು ಜನರ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಪ್ರಶ್ನೆ: ಮೋಟಾರ್ ಇಲ್ಲದ ಬಂಡಿ ಅಗ್ಗಕ್ಕೆ ಸಿಗುತ್ತಿದೆ. ಹತ್ತು ಜನ ತುಳಿಯುವಾಗ ಮೋಟಾರ್ ಯಾಕೆ?
— ಸಿನ್ಸಿನಾಟಿ

ಉತ್ತರ: ಲೆಕ್ಕ ಹಾಕಿ ನೋಡೋಣ. ಬಂಡಿ ಸುಮಾರು 1,000 ಕಿಲೊ, ಜನ 15 ಗುಣಿಸು 80, ಒಟ್ಟು 2,200 ಕಿಲೊ. ಟೈರು, ಬೇರಿಂಗ್, ಚೈನ್ ಎಲ್ಲದರ ಎಳೆತ ಭಾರದ ಶೇ 1.5 ಎಂದು ಹಿಡಿದರೆ, ಸಮತಟ್ಟು ರಸ್ತೆಯಲ್ಲಿ 8 ಕಿ.ಮೀ. ವೇಗಕ್ಕೆ ಸುಮಾರು 700 ವಾಟ್ ಬೇಕು. ಕೈಯಲ್ಲಿ ಲೋಟ ಹಿಡಿದು ಹರಟುತ್ತಾ ತುಳಿಯುವವರು ತಲೆಗೆ 60–70 ವಾಟ್ ಕೊಟ್ಟಾರು. ಹತ್ತು ಜನ ಸೇರಿದರೆ ಅಲ್ಲಿಗಲ್ಲಿಗೆ. ಈಗ ಶೇ 3ರ ಏರು, ಅಂದರೆ 100 ಮೀಟರಿಗೆ 3 ಮೀಟರ್ ಬರಲಿ. ಅದೊಂದಕ್ಕೇ ಇನ್ನೂ 1,400 ವಾಟ್. ಶೇ 5 ಆದರೆ 2,400. ಕಾರಿನಲ್ಲಿ ಹೋಗುವಾಗ ಶೇ 3ರ ಏರು ಗಮನಕ್ಕೂ ಬರುವುದಿಲ್ಲ. ಇಲ್ಲಿ ಬಂಡಿ ಅಲ್ಲೇ ನಿಲ್ಲುತ್ತದೆ, ಹಿಂದೆ ಕಾರುಗಳ ಸಾಲು ಬೆಳೆಯುತ್ತದೆ. ಎರಡನೇ ಬಾರ್ ಆದಮೇಲೆ ಅರ್ಧ ಜನ ಕಾಲು ಪೆಡಲಿನ ಮೇಲಿಟ್ಟುಕೊಂಡು ತುಳಿಯುವಂತೆ ನಟಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ಸಿನ್ಸಿನಾಟಿಯಂಥ ಗುಡ್ಡದೂರಿನಲ್ಲಿ ಮೋಟಾರ್ ಬೇಕೇ ಬೇಕು.

ಬ್ಯಾಟರಿ 48 ವೋಲ್ಟ್, 200 ಆಂಪಿಯರ್-ಅವರ್ ಎಂದರೆ 9.6 ಯುನಿಟ್. ಲೆಡ್-ಆಸಿಡ್ ಆದರೆ ಅದರಲ್ಲಿ ಅರ್ಧದ ಕೆಳಗೆ ಇಳಿಸಬೇಡಿ. ಒಂದು ಪ್ರವಾಸಕ್ಕೆ 1 ಯುನಿಟ್ ಲೆಕ್ಕದಲ್ಲಿ ಶನಿವಾರ ನಾಲ್ಕು ಪ್ರವಾಸ ಆರಾಮ, ಐದನೆಯದಕ್ಕೆ ಏದುಸಿರು. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪೊಂದಿದೆ: ಹಾಡಿನ ಪೆಟ್ಟಿಗೆಗೂ ದೀಪಕ್ಕೂ 12 ವೋಲ್ಟ್ ಬೇಕೆಂದು ನಾಲ್ಕು ಬ್ಯಾಟರಿಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ತಂತಿ ಸಿಕ್ಕಿಸುವುದು. ಆ ಒಂದೇ ಬ್ಯಾಟರಿ ಹೆಚ್ಚು ಬರಿದಾಗುತ್ತದೆ, ಚಾರ್ಜರ್ ಮಿಕ್ಕ ಮೂರನ್ನು ಕುದಿಸುತ್ತದೆ, ಒಂದೇ ಋತುವಿನಲ್ಲಿ ನಾಲ್ಕೂ ಹಾಳು. 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಇಡೀ ಸಾಲಿನಿಂದ ಎಳೆಯಲಿ.

ಪ್ರಶ್ನೆ: ಐದು ವರ್ಷ ಓಡಿದ ಬಂಡಿಯೊಂದು ಅರ್ಧ ಬೆಲೆಗೆ ಬಂದಿದೆ. ಏನೇನು ನೋಡಬೇಕು?
— ಷಾರ್ಲೆಟ್

ಉತ್ತರ: ಹೊಸದಕ್ಕೆ 40ರಿಂದ 60 ಸಾವಿರ ಡಾಲರ್ ಇರುವಾಗ ಹಳೆಯದರ ಆಸೆ ಸಹಜ. ಬಣ್ಣ, ದೀಪ, ಸೂರು ನೋಡಬೇಡಿ. ಜಾಕ್ ಕೊಟ್ಟು ಹಿಂದಿನ ಚಕ್ರ ಎತ್ತಿ, ನೆಲಕ್ಕೆ ಕೂತು ಕೆಳಗೆ ನೋಡಿ.

ಕೂತವರು ಮೇಜಿನ ಕಡೆ ಮುಖ ಮಾಡಿರುವುದರಿಂದ ಅವರು ತುಳಿಯುವುದು ಬಂಡಿ ಸಾಗುವ ದಿಕ್ಕಿಗೆ ಅಡ್ಡಡ್ಡ. ಪ್ರತಿ ಪೆಡಲಿನಿಂದ ಒಂದು ಚೈನ್ ಬಂಡಿಯ ಉದ್ದಕ್ಕೂ ಮಲಗಿರುವ ಶಾಫ್ಟಿಗೆ ಬರುತ್ತದೆ, ಶಾಫ್ಟು ಹಿಂದಿನ ಎರಡು ಚಕ್ರಗಳಿಗೆ ತಿರುಗು ಹಂಚುವ ಡಿಫರೆನ್ಷಿಯಲ್ ತಿರುಗಿಸುತ್ತದೆ. ಇಲ್ಲೊಂದು ತಮಾಷೆ ಇದೆ. ಎಡಗಡೆಯವರೂ ಬಲಗಡೆಯವರೂ ತಮ್ಮ ಮುಂದಕ್ಕೆ ತುಳಿದರೆ ತಿರುಗು ಒಂದಕ್ಕೊಂದು ವಿರುದ್ಧ. ಒಂದು ಬದಿಯದನ್ನು ಗಿಯರ್ ಜೋಡಿಯಿಂದ ಹಿಂತಿರುಗಿಸಿ ಕೂಡಿಸಿರುತ್ತಾರೆ. ಆ ಗಿಯರ್ ಜೋಡಿಯ ಹಲ್ಲು ಸವೆದಿದ್ದರೆ ಚಕ್ರ ಹಿಡಿದು ಅಲುಗಿಸಿದಾಗ ‘ಟಕ್’ ಎನ್ನುತ್ತದೆ. ಆ ಸದ್ದು ಕೇಳಿದರೆ ಬೆಲೆ ಇಳಿಸಿ ಅಥವಾ ಎದ್ದು ಬನ್ನಿ.

ಆಮೇಲೆ ಒಂದೊಂದೇ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಟಿಕ್‌ಟಿಕ್ ಎಂದು ಸಲೀಸಾಗಿ ತಿರುಗಬೇಕು. ಅದು ಫ್ರೀವೀಲ್. ಮಳೆ, ಚೆಲ್ಲಿದ ಬಿಯರ್, ಧೂಳು ಸೇರಿ ಅದು ಅಂಟಿಕೊಂಡರೆ ಕೂತವರು ತುಳಿಯುವುದು ನಿಲ್ಲಿಸಿದರೂ ಪೆಡಲು ತಾನೇ ತಿರುಗುತ್ತಿರುತ್ತದೆ, ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಈ ಬಂಡಿಗಳಲ್ಲಿ ಕಾಲಿಗಾಗುವ ಪೆಟ್ಟಿಗೆ ಇದೂ ಒಂದು ಮೂಲ. ಚೈನನ್ನು ಬಿಗಿ ಎಳೆದು 24 ಕೊಂಡಿ ಅಳೆಯಿರಿ. ಹೊಸದಾದರೆ ಸರಿಯಾಗಿ 12 ಇಂಚು. 12 ಮೇಲೆ ಹದಿನಾರನೇ ಒಂದು ಇಂಚು ಆಗಿದ್ದರೆ ಚೈನ್ ಬದಲಿಸಬೇಕು, ಎಂಟನೇ ಒಂದು ದಾಟಿದ್ದರೆ ಹಲ್ಲುಚಕ್ರಗಳೂ ಹೋಗಿವೆ ಎಂದೇ ಲೆಕ್ಕ. ಹತ್ತು ಚೈನು, ಇಪ್ಪತ್ತು ಹಲ್ಲುಚಕ್ರ ಎಂದು ಗುಣಿಸಿಕೊಳ್ಳಿ.

ಸೀಟಿನ ಕಂಬ ಚೌಕಟ್ಟಿಗೆ ಬೆಸುಗೆಯಾದ ಜಾಗದಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಗೆರೆ ಎಂದರೆ ಬಿರುಕು. ಎರಡು ಪೆಗ್ ಆದವರು ಸೀಟಿನ ಮೇಲೆ ನಿಂತು ಕುಣಿಯುತ್ತಾರೆ, ಭಾರವೆಲ್ಲ ಆ ಒಂದು ಅಂಗುಲದ ಮೇಲೆ. ಬ್ಯಾಟರಿಯನ್ನು ನಿಂತಲ್ಲೇ ಅಳೆದರೆ ಏನೂ ತಿಳಿಯದು. ಜನ ಕೂರಿಸಿ, ಏರಿನಲ್ಲಿ ಮೋಟಾರ್ ಎಳೆಯುವಾಗ ನಾಲ್ಕನ್ನೂ ಬೇರೆಬೇರೆ ಅಳೆಯಿರಿ. ಮೂರು 12ರ ಆಸುಪಾಸಿನಲ್ಲಿದ್ದು ಒಂದು 10.5ಕ್ಕಿಂತ ಕೆಳಗೆ ಕುಸಿದರೆ ಅದು ಸತ್ತಿದೆ. ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಿದರೆ ಹೊಸದೂ ಬೇಗ ಸಾಯುತ್ತದೆ, ನಾಲ್ಕನ್ನೂ ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ.

ಪೆಡಲು ಕಳಚಿ ಬೀಳುತ್ತಿದೆ ಎಂದು ಮಾರುವವರೇ ಒಪ್ಪಿಕೊಂಡರೆ ಹೆದರಬೇಡಿ. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ಗೊತ್ತಿಲ್ಲದೆ ಯಾರೋ ಬಲವಂತ ಮಾಡಿರುತ್ತಾರೆ. ಪೆಡಲು ಸಿಕ್ಕಿಸುವ ಆ ತೋಳೊಂದನ್ನು ಬದಲಿಸಿದರಾಯಿತು.

ಪ್ರಶ್ನೆ: ಒಂದು ಬಂಡಿಯಿಂದ ವರ್ಷಕ್ಕೆ ಎಷ್ಟು ಉಳಿದೀತು?
— ಮಿಲ್ವಾಕಿ

ಉತ್ತರ: ಬಹಳ ಕಡಿಮೆ. ತಲೆಗೆ 35–50 ಡಾಲರ್ ಟಿಕೆಟ್, ಇಡೀ ಬಂಡಿಗೆ 2 ಗಂಟೆಗೆ ಸುಮಾರು 425 ಎಂದು ಹಿಡಿಯಿರಿ. ಗಿರಾಕಿ ಬರುವುದು ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ. ಶುಕ್ರ 2, ಶನಿ 4, ಭಾನು 2, ವಾರಕ್ಕೆ 8 ಪ್ರವಾಸ. ಚಳಿಯ ಊರಿನಲ್ಲಿ ಋತು 26 ವಾರ. ಎಲ್ಲವೂ ತುಂಬಿದರೆ 88 ಸಾವಿರ ಡಾಲರ್, ಆದರೆ ಮಳೆ, ರದ್ದು, ಖಾಲಿ ಭಾನುವಾರ ಕಳೆದು ಶೇ 60 ಹಿಡಿದರೆ 53 ಸಾವಿರ.

ಖರ್ಚನ್ನು ಒಂದು ಅಂದಾಜಿಗೆ ಹೀಗೆ ಬರೆಯಿರಿ: ಚಾಲಕರ ಕೂಲಿ 7,500, ವಿಮೆ 10,000, ಗ್ಯಾರೇಜ್ ಬಾಡಿಗೆ 12,000, ಕ್ರೆಡಿಟ್ ಕಾರ್ಡ್ ಶುಲ್ಕ 1,600, ರಿಪೇರಿ 5,000, ಜಾಹೀರಾತು 8,000. ಸೇರಿಸಿದರೆ 44 ಸಾವಿರ. ಉಳಿಯುವುದು 9 ಸಾವಿರ, ಅದೂ ಬಂಡಿಯ ಸಾಲದ ಕಂತು ಮುಟ್ಟದೆ. ಬಂಡಿ ಎರಡಾದರೆ ಗ್ಯಾರೇಜ್ ಅಷ್ಟೇ, ಜಾಹೀರಾತು ಸ್ವಲ್ಪವೇ ಹೆಚ್ಚು. ಆದಾಯ 106 ಸಾವಿರ, ಖರ್ಚು 68ರ ಸುತ್ತ, ಉಳಿಕೆ 38 ಸಾವಿರ. ಮೇಲಾಗಿ ಮದುವೆ ಮುಂಚಿನ ಪಾರ್ಟಿಗೆ 25–30 ಜನ ಬಂದರೆ ಒಂದೇ ಬಂಡಿಯವರು ವಾಪಸ್ ಕಳಿಸಬೇಕಾಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಒಂದು ಬಂಡಿ ಶೋಕಿ. ಎರಡರ ದುಡ್ಡು ಹೊಂದಿಸಿಕೊಳ್ಳಲಾಗದಿದ್ದರೆ ಇನ್ನೊಂದು ವರ್ಷ ಕಾಯಿರಿ. ವಿಮೆಯ ಅಂಕಿ ಊರಿಂದ ಊರಿಗೆ ಎರಡು ಪಟ್ಟು ಬೇರೆಯಾಗಬಹುದು, ಆದ್ದರಿಂದ ಮೂರು ಕಡೆಯ ಕೊಟೇಷನ್ ಕೈಯಲ್ಲಿಟ್ಟುಕೊಂಡು ಮೇಲಿನ ಲೆಕ್ಕವನ್ನು ಮತ್ತೆ ಮಾಡಿ.

ಪ್ರಶ್ನೆ: ಮದ್ಯ ನಾವೇ ಮಾರಬಹುದೇ? ಅದರಲ್ಲೇ ಲಾಭ ಅನ್ನುತ್ತಾರೆ.
— ಸ್ಯಾಕ್ರಮೆಂಟೊ

ಉತ್ತರ: ಆ ಲಾಭದ ಹಿಂದೆ ಹೋಗಬೇಡಿ. ಮಾರಿದ ಕೂಡಲೇ ಮದ್ಯದ ಲೈಸೆನ್ಸು, ಜೊತೆಗೆ ಹಲವು ರಾಜ್ಯಗಳಲ್ಲಿ ಕುಡಿದವನು ಆಮೇಲೆ ಮಾಡಿದ ಅನಾಹುತಕ್ಕೆ ಕುಡಿಸಿದವನೂ ಹೊಣೆ ಎಂಬ ಕಾನೂನು ಬೆನ್ನಿಗೆ ಬೀಳುತ್ತವೆ. ಗಿರಾಕಿಗಳೇ ತರಲಿ, ನೀವು ಐಸ್ ಪೆಟ್ಟಿಗೆ ಕೊಡಿ. ಬಂಡಿ ಮೇಲೆ ಕುಡಿಯಲು ಬಿಡುವ ನಿಯಮ ರಾಜ್ಯಕ್ಕೊಂದು. ಮಿಷಿಗನ್ 2015ರಲ್ಲಿ ಪ್ರಯಾಣಿಕರಿಗೆ ಅನುಮತಿ ಕೊಟ್ಟಿತು, ಬೇಡವೆನ್ನುವ ಅಧಿಕಾರ ನಗರಗಳಿಗೂ ಇದೆ. ನಿಮ್ಮ ಕ್ಯಾಲಿಫೋರ್ನಿಯಾ ಅದೇ ವರ್ಷ ಮಾಡಿದ ಕಾನೂನಿನಲ್ಲಿ ನಗರ ಒಪ್ಪಿದರೆ ಮಾತ್ರ ಕುಡಿಯಬಹುದು. ಕುಡಿಯುವ ಪ್ರವಾಸದಲ್ಲಿ ಚಾಲಕನಲ್ಲದೆ 21 ದಾಟಿದ ಸುರಕ್ಷಾ ಮೇಲ್ವಿಚಾರಕರೊಬ್ಬರು ಬಂಡಿಯಲ್ಲಿರಬೇಕು. ಅಂದರೆ ನಿಮಗೆ ಪ್ರತಿ ಪ್ರವಾಸಕ್ಕೂ ಎರಡು ಕೂಲಿ. ಮಿಲ್ವಾಕಿಯವರಿಗೆ ಕೊಟ್ಟ ಲೆಕ್ಕದಲ್ಲಿ ಆ ಸಾಲನ್ನು ತಿದ್ದಿಕೊಳ್ಳಿ.

ನಿಯಮ ಹೇಗೇ ಇರಲಿ, ಗಾಜಿನ ಬಾಟಲಿಯನ್ನು ಹತ್ತಿಸಲೇಬೇಡಿ. ಕ್ಯಾನು, ಪ್ಲಾಸ್ಟಿಕ್ ಲೋಟ ಸಾಕು. ವಿಸ್ಕಿ, ವೋಡ್ಕಾ ಬೇಡ. 2 ಗಂಟೆಗೆ ತಲೆಗೆ ಮೂರು ಕ್ಯಾನ್ ಮಿತಿಯನ್ನು ಬುಕಿಂಗ್ ಪುಟದಲ್ಲೇ ಬರೆಯಿರಿ. ತೂರಾಡುವವರನ್ನು ಪೆಡಲ್ ಸೀಟಿನಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿ. ಅದಕ್ಕೂ ಒಗ್ಗದಿದ್ದರೆ ಟ್ಯಾಕ್ಸಿ ಹತ್ತಿಸುವ ಅಧಿಕಾರ ಚಾಲಕನಿಗಿರಲಿ. ವಿಮೆ ಪತ್ರದಲ್ಲಿ ಮದ್ಯ ಸಂಬಂಧಿ ಅಪಘಾತಕ್ಕೆ ಹೊಣೆಯಲ್ಲ ಎಂಬ ಸಾಲು ಅಡಗಿದೆಯೇ ನೋಡಿ. ಅದಿದ್ದರೆ ನೀವು ಕಟ್ಟಿದ ಕಂತು ಕಾಗದಕ್ಕೆ ಸಮ.

ಪ್ರಶ್ನೆ: ಇಷ್ಟು ನಿಧಾನದ ಬಂಡಿ ಮಗುಚುತ್ತದೆ ಎನ್ನುವುದು ನಿಜವೇ? ಓಡಿಸಲು ಬೇರೆ ಲೈಸೆನ್ಸ್ ಬೇಕೇ?
— ಆಸ್ಟಿನ್

ಉತ್ತರ: ನಿಜ. 2022ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ಒಂದು ಬಂಡಿ ತಿರುವಿನಲ್ಲಿ ಮಗುಚಿ 15 ಜನ ಗಾಯಗೊಂಡರು, ಚಾಲಕರ ಮೇಲೆ ಕುಡಿದು ಓಡಿಸಿದ ಆರೋಪ ಬಂತು. ಜನ ಎತ್ತರದ ಸೀಟಿನಲ್ಲಿ ಕೂರುವುದರಿಂದ ಭಾರವೆಲ್ಲ ಮೇಲೆ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ: 8 ಕಿ.ಮೀ.ನಿಂದ 20ಕ್ಕೆ ಹೋದರೆ ಆರು ಪಟ್ಟು. 5 ಮೀಟರ್ ತ್ರಿಜ್ಯದ ಬೀದಿ ತಿರುವಿಗೆ 20 ಎಂದರೆ ಮಗುಚುವ ಅಂಚು. ಸಮತಟ್ಟಿನಲ್ಲಿ ಆ ವೇಗ ಬರುವುದೇ ಇಲ್ಲ. ಬರುವುದು ಇಳಿಜಾರಿನಲ್ಲಿ, ಅದೂ ಹದಿನೈದು ಜನ ‘ಹೋ’ ಎಂದು ಹುರಿದುಂಬಿಸುವಾಗ. ಹಾಗಾಗಿ ಇಳಿಜಾರಿನ ಕೊನೆಗೆ ತಿರುವಿರುವ ರಸ್ತೆ ಎಷ್ಟೇ ಚೆಂದವಿದ್ದರೂ ದಾರಿಯಿಂದ ತೆಗೆದುಹಾಕಿ. ಇಳಿಜಾರಿನ ನೆತ್ತಿಯಲ್ಲೇ ಬ್ರೇಕ್ ಹಿಡಿದು ಇಳಿಯುವುದನ್ನು ಚಾಲಕರಿಗೆ ಕಲಿಸಿ. ವೇಗ ಏರಿದ ಮೇಲೆ 2,200 ಕಿಲೊ ನಿಲ್ಲಿಸಲು ಹೋದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಹೊಸ ಚಾಲಕರಿಗೆ ಖಾಲಿ ಬಂಡಿಯಲ್ಲಿ ತರಬೇತಿ ಕೊಟ್ಟು ಮುಗಿಯಿತು ಅನ್ನಬೇಡಿ, ಮರಳು ಮೂಟೆ ಹೇರಿಯಾದರೂ ತುಂಬಿದ ಬಂಡಿ ಓಡಿಸಿ ನೋಡಲಿ. ಹಿಂದೆ ಕಿತ್ತಳೆ ಬಣ್ಣದ ನಿಧಾನ-ವಾಹನ ತ್ರಿಕೋನ ಇರಲಿ.

ಲೈಸೆನ್ಸಿನ ವಿಷಯದಲ್ಲಿ ಎಡವುವ ಜಾಗ ಒಂದಿದೆ. ಚಾಲಕರೂ ಸೇರಿ 16 ಜನರಿಗೆ ಮಾಡಿದ ಮೋಟಾರು ವಾಹನಕ್ಕೆ ಅಮೆರಿಕದಲ್ಲಿ ವಾಣಿಜ್ಯ ಲೈಸೆನ್ಸ್ ಬೇಕು. ನಿಮ್ಮ ರಾಜ್ಯ ಈ ಬಂಡಿಯನ್ನು ಮೋಟಾರು ವಾಹನವೆಂದು ಎಣಿಸಿದರೆ 15 ಸೀಟು ಮತ್ತು ಚಾಲಕ ಸೇರಿ ಸರಿಯಾಗಿ ಆ ಗೆರೆಗೆ ಬಂತು. ಒಂದು ಸೀಟು ಕಡಿಮೆಯಿರುವ ಮಾದರಿ ತಗೊಂಡರೆ ಗೆರೆಯ ಈಚೆಗಿರುತ್ತೀರಿ.

ಪ್ರಶ್ನೆ: ಹುಟ್ಟಿದ ಊರಲ್ಲೇ ಇದನ್ನು ನಿಷೇಧಿಸಿದ್ದಾರಂತೆ?
— ಶಿಕಾಗೊ

ಉತ್ತರ: ಹುಟ್ಟಿದ ದೇಶದಲ್ಲಿ, ಆಮ್‌ಸ್ಟರ್‌ಡ್ಯಾಮ್ ನಗರದ ನಡುಭಾಗದಲ್ಲಿ ಮಾತ್ರ, 2017ರ ನವೆಂಬರ್ 1ರಿಂದ. ಗದ್ದಲ, ರಸ್ತೆಬದಿಯ ಮೂತ್ರ, ರಸ್ತೆ ಕಟ್ಟಿಹೋಗುವುದು ನಿವಾಸಿಗಳ ದೂರಾಗಿತ್ತು, ಕೋರ್ಟ್ ನಗರದ ಪರ ನಿಂತಿತು. ಜರ್ಮನಿಯ ಡುಸೆಲ್ಡಾರ್ಫ್ ಪ್ರಕರಣ ಇನ್ನೂ ಸೂಕ್ಷ್ಮ. ಇದು ಸಂಚಾರವಲ್ಲ, ರಸ್ತೆ ಮೇಲೆ ನಡೆಯುವ ಪಾರ್ಟಿ, ಹಾಗಾಗಿ ವಿಶೇಷ ಪರವಾನಗಿ ಬೇಕು ಎಂಬ ನಿಲುವನ್ನು 2012ರಲ್ಲಿ ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವೂ ಎತ್ತಿಹಿಡಿಯಿತು. ಪರವಾನಗಿ ಬೇಕೆಂದಾದರೆ ನಗರ ಕೊಡದೆಯೂ ಇರಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವ್ಯಾಪಾರ ನಿಲ್ಲಿಸಿದ್ದು ಅಪಘಾತವಲ್ಲ, ಅಕ್ಕಪಕ್ಕದವರ ಸಿಟ್ಟು. ಮನೆಗಳಿರುವ ಬೀದಿಯಲ್ಲಿ ರಾತ್ರಿ 9ರ ನಂತರ ಹಾಡು ನಿಲ್ಲಿಸಿ, ಬಂಡಿ ಮೇಲೆ ದೂರಿನ ಫೋನ್ ನಂಬರ್ ದೊಡ್ಡದಾಗಿ ಬರೆಸಿ. ಜನ ನಗರಸಭೆಗೆ ಫೋನ್ ಮಾಡುವ ಬದಲು ನಿಮಗೇ ಮಾಡಲಿ.

ಪ್ರಶ್ನೆ: ಬೆಂಗಳೂರಿನ ಚರ್ಚ್ ಸ್ಟ್ರೀಟ್, ಇಂದಿರಾನಗರದಲ್ಲಿ ಇದು ಓಡೀತೇ?

ಉತ್ತರ: ಬಿಯರ್ ಜೊತೆಗೆ ಓಡದು. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಗೆ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅವಕಾಶವಿಲ್ಲ. ಬಿಯರ್ ಬಿಟ್ಟರೂ ಮೋಟಾರ್ ತೊಡಕು. ಕೇಂದ್ರ ಮೋಟಾರು ವಾಹನ ನಿಯಮಗಳ ವಿನಾಯಿತಿ 250 ವಾಟ್‌ಗಿಂತ ಕಡಿಮೆ ಶಕ್ತಿಯ, 25 ಕಿ.ಮೀ.ಗಿಂತ ಕಡಿಮೆ ವೇಗದ ಬ್ಯಾಟರಿ ವಾಹನಕ್ಕೆ. ನಿಮಗೆ ಬೇಕಾದ 2–3 ಕಿಲೊವಾಟ್ ಹಾಕಿದ ತಕ್ಷಣ ಅದು ಮೋಟಾರು ವಾಹನ. ಆಗ ಮಾದರಿ ಪರೀಕ್ಷೆ, ನೋಂದಣಿ ಎಲ್ಲ ಬೇಕು, ಒಂದೆರಡು ಬಂಡಿಗೆ ಆ ಖರ್ಚು ಗಿಟ್ಟದು. ರೆಸಾರ್ಟ್, ದೊಡ್ಡ ಕ್ಯಾಂಪಸ್‌ನಂಥ ಖಾಸಗಿ ಆವರಣದಲ್ಲಿ ಫಿಲ್ಟರ್ ಕಾಫಿ, ಮಸಾಲೆಪುರಿ ಇಟ್ಟುಕೊಂಡು ಸಮತಟ್ಟು ದಾರಿಯಲ್ಲಿ ಓಡಿಸಿದರೆ ಚೆನ್ನಾಗಿಯೇ ಇರುತ್ತದೆ. ಬರೀ ತುಳಿತಕ್ಕೆ ಎಂಟು ಸೀಟಿನ ಹಗುರ ಬಂಡಿ ಮಾಡಿಸಿ. ಸೀರೆ ಸೆರಗು, ದುಪ್ಪಟ್ಟಾ ಸಿಕ್ಕದಂತೆ ಚೈನಿಗೆ ತಗಡಿನ ಮುಚ್ಚಳ ಪೂರ್ತಿ ಇರಲಿ, ಅಮೆರಿಕದ ಬಂಡಿಗೆ ಬರುವ ಅರ್ಧಮುಚ್ಚಳ ಇಲ್ಲಿಗೆ ಸಾಲದು.

ಪ್ರಶ್ನೆ: ಚಳಿಗಾಲದಲ್ಲಿ ಐದು ತಿಂಗಳು ನಿಲ್ಲಿಸುವಾಗ ಏನು ಮಾಡಬೇಕು?
— ಮಿನಿಯಾಪೊಲಿಸ್

ಉತ್ತರ: ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ತುಂಬಿದ್ದು ನಿಮ್ಮ ಊರಿನ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಬರಿದಾದದ್ದು ಬೇಗ ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತದೆ. ಲಿಥಿಯಂ ಆದರೆ ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಲೇಬೇಡಿ, ಬಿಚ್ಚಿ ಮನೆಯೊಳಗೆ ತನ್ನಿ. ಚೈನು, ಫ್ರೀವೀಲ್‌ಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಬಿಡಿ, ಒಣಗಿದ ಬಿಯರ್ ಅಂಟು ವಸಂತಕ್ಕೆ ಗಟ್ಟಿಯಾಗಿರುತ್ತದೆ. ಬಂಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟಿಡಿ, ಹಿಡಿದಿಟ್ಟರೆ ತುಕ್ಕಿಗೆ ಕಚ್ಚಿಕೊಳ್ಳುತ್ತದೆ. ಮೊದಲ ಬುಕಿಂಗ್‌ಗೆ ಎರಡು ವಾರ ಮುಂಚೆ ಹದಿನಾಲ್ಕು ಸ್ನೇಹಿತರನ್ನು ಊಟಕ್ಕೆ ಕರೆದು, ಊಟಕ್ಕೆ ಮೊದಲು ಬಂಡಿ ಹತ್ತಿಸಿ, ನಿಮ್ಮ ದಾರಿಯ ಅತಿ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷಿಸಿ.